ಹೇಳಲು ನಾಚುವ ರೋಗಗಳು

ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ಮನೆಮಂದಿಯೆಲ್ಲರೂ ಓದುವ ಪತ್ರಿಕೆಗೆ ತಕ್ಕುದೇ ಎಂದು ಕೆಲವು ವಾಚಕರು ಶಂಕಿಸಬಹುದು. ಪುರುಷರ ಜನನೇಂದ್ರಿಯಗಳ ರಚನೆ, ಅವುಗಳ ಹೆಸರುಗಳು, ಅವಕ್ಕೆ ಬರುವ ಸಾಮಾನ್ಯ ರೋಗಗಳು, ಇವೇ ಆ ವಿಷಯ. ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ನಿವೇದಿಸುವೆವು.

ಮಂಡ್ಯದ ಬಳಿಯ ವಿ.ಸಿ. ಫಾರಂ ೧೯೩೧ರಲ್ಲಿ ಏರ್ಪಟ್ಟ ಬೇಸಾಯದ ಪ್ರಯೋಗಕ್ಷೇತ್ರ. ಕೃಷ್ಣರಾಜಸಾಗರದಿಂದ ಹರಿದುಬರುವ ವಿಶ್ವೇಶ್ವರಯ್ಯ ನಾಲೆಯಿಂದಲೇ ಅದಕ್ಕೆ ಈ ಹೆಸರು. ಅದಕ್ಕೆ ಸಮೀಪದ ಹಳ್ಳಿಯಲ್ಲಿ ನಮ್ಮ ಮಿತ್ರರೊಬ್ಬರಿರುವರು. ಬಹುಕಾಲ ನೀರುಗಂಟಿಯ ಕೆಲಸ ಮಾಡಿದವರು. ಯಾವ ಗದ್ದೆಗೆ ಯಾವ ತೂಬಿನಿಂದ ಎಷ್ಟು ನೀರು ಹರಿಯಬೇಕೆಂಬುದು ಅವರಿಗೆ ಕರತಲಾಮಲಕ. ಅವರು ರಾತ್ರಿಯಲ್ಲಿ ನಾಲ್ಕೈದು ಬಾರಿ ಎದ್ದುಹೋಗುವರೆಂದು ಅವರ ಪತ್ನಿಯು ನಮ್ಮ ಮನೆಯವರಲ್ಲಿ ಹೇಳಿದ್ದರು. ನಾವು ವಿಚಾರಿಸಲು, "ಅದೇನಿಲ್ಲ ಮೇಷ್ಟ್ರೇ, ವಯಸ್ಸಾಯ್ತಲ್ಲ" ಎಂದು ಮಾತು ಮರೆಸಿದರು. ಕೊನೆಗೊಂದು ರಾತ್ರಿ ಮೂತ್ರವು ಪೂರ್ಣವಾಗಿ ಕಟ್ಟಿ, ಕಿಬ್ಬೊಟ್ಟೆಯು ಉಬ್ಬಿ, ನೋವಿನಿಂದ ಹೊರಳಾಡುತ್ತಿದ್ದವರನ್ನು ಮಗನು ಆಸ್ಪತ್ರೆಗೆ ಕರೆದೊಯ್ದನು. ಅಲ್ಲಿ ನಳಿಕೆ ಹಾಕಿ ಮೂತ್ರವನ್ನು ತೆಗೆದರು. ಆದರೆ ಬಹುದಿನಗಳ ತಡೆಯಿಂದ ಮೂತ್ರಪಿಂಡಗಳಿಗೂ ಘಾಸಿಯಾಗಿದ್ದುದು ರಕ್ತಪರೀಕ್ಷೆಯಿಂದ ತಿಳಿದುಬಂದಿತು. ಇಷ್ಟು ದಿನ ಏಕೆ ಬರಲಿಲ್ಲವೆಂದು ವೈದ್ಯರು ಕೇಳಿದುದಕ್ಕೆ, "ಏನಂತ ಹೇಳಾನ ಸ್ವಾಮಿ, ಬಾಯೇ ಬರ್ನಿಲ್ಲ" ಎಂದರಂತೆ.

ಬಾಯಿ ಬಾರದಿರಲು ಕಾರಣವೇನು? ಆ ಅಂಗಗಳಿಗೆ ಬಳಕೆಯಲ್ಲಿರುವ ಮಾತುಗಳಲ್ಲಿ ಬಹುಪಾಲು ಬೈಗುಳಗಳಾಗಿವೆ. ಸಭ್ಯನು ಅವನ್ನು ಆಡಲಾರನು. ಬೇರೆ ಮಾತು ಅವನಿಗೆ ತಿಳಿಯದು. ಆದಕಾರಣ ಮೊದಲು ಹೆಸರುಗಳನ್ನು ಅರಿಯೋಣ.

ಬೀಜಗಳೆಂದು ಜನರು ಕರೆಯುವ ಎರಡು ಗ್ರಂಥಿಗಳಿಗೆ ವೃಷಣಗಳೆಂದು ಹೆಸರು. ಸುರಿಸುವುದೆಂಬ ಅರ್ಥದ ವೃಷ್ ಧಾತುವಿನಿಂದ ಬಂದ ಪದವಿದು. ಮಳೆಯೆಂಬರ್ಥದ ವರ್ಷವೂ ಅದೇ ಧಾತುವಿನದು. ವೃಷಣಕೋಶವೆಂಬ ಚೀಲದಲ್ಲಿ ಅವು ಹೊರಗೆ ತೂಗುತ್ತಿರುವುದು ನಿಷ್ಕಾರಣವಲ್ಲ. ವೀರ್ಯಾಣುಗಳು ಬೆಳೆಯಲು ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖವಿರಬೇಕು. ಅಲ್ಲಿಂದ ವೀರ್ಯನಾಳಗಳು ಮೇಲೇರಿ, ಮೂತ್ರಕೋಶದ ಹಿಂದೆ ಸಾಗಿ, ಮೂತ್ರವು ಹೊರಬರುವ ನಾಳವನ್ನು ಸೇರುವುವು. ಸೇರುವೆಡೆಯಲ್ಲಿ ಆ ನಾಳವನ್ನು ಸುತ್ತುವರಿದು ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿಯೊಂದಿದೆ. ಅದೇ ಪ್ರಾಸ್ಟೇಟ್. ಗ್ರೀಕರ ಮಾತಿನಲ್ಲಿ ಮುಂದೆ ನಿಂತಿರುವುದೆಂದು ಅರ್ಥ. ಸಂಸ್ಕೃತದಲ್ಲಿ ಪುರಃಸ್ಥ ಗ್ರಂಥಿಯೆನ್ನಬಹುದು.

ಐವತ್ತು ವರ್ಷ ದಾಟಿದಂತೆ ಈ ಗ್ರಂಥಿಯು ದಪ್ಪನಾಗಿ ಒಳಗಿನ ನಾಳವನ್ನು ಒತ್ತುವುದುಂಟು. ಕೆರೆಯಲ್ಲಿ ನೀರಿದೆ, ತೂಬು ಕಿರಿದಾಗಿದೆ ಎಂಬಂತೆ ಇದರ ಸ್ಥಿತಿ. ಧಾರೆಯು ತೆಳುವಾಗುವುದು, ಆರಂಭಕ್ಕೆ ತಡವಾಗುವುದು, ಮುಗಿದರೂ ಮುಗಿಯದಂತೆ ತೋರುವುದು, ರಾತ್ರಿ ಮತ್ತೆ ಮತ್ತೆ ಏಳುವುದು ಇದರ ಲಕ್ಷಣಗಳು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಆದರೆ ಎರಡರ ಲಕ್ಷಣಗಳೂ ಒಂದನ್ನೊಂದು ಹೋಲಬಹುದಾದುದರಿಂದ ಪರೀಕ್ಷೆ ಮಾಡಿಸಲೇಬೇಕು. ಮೂತ್ರದಲ್ಲಿ ರಕ್ತ ಕಂಡರಂತೂ ತಡಮಾಡಲಾಗದು. ಅನೇಕರಿಗೆ ಗುಳಿಗೆಗಳೇ ಸಾಕು. ಶಸ್ತ್ರಚಿಕಿತ್ಸೆ ಬೇಕಾದರೂ ಸಾಮಾನ್ಯವಾಗಿ ಹೊಟ್ಟೆಯನ್ನು ಕೊಯ್ಯದೆ ಮೂತ್ರದ ದಾರಿಯಿಂದಲೇ ಮಾಡುವರು. ಅರುವತ್ತರ ಸುಮಾರಿನವರಾದ ನಾವೂ ಮಿತ್ರರ ಪಾಡನ್ನು ಕಂಡ ಮೇಲೆಯೇ ವೈದ್ಯರಲ್ಲಿಗೆ ಹೋದೆವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಅನ್ಯರಿಗೆ ಬುದ್ಧಿ ಹೇಳುವ ನಾವೂ ಎರಡು ವರ್ಷ ಸುಮ್ಮನಿದ್ದೆವು.

ಇನ್ನು ವೃಷಣಕೋಶದ ಊತ. ಸುಶ್ರುತಾಚಾರ್ಯರು ಇದನ್ನು ವೃದ್ಧಿಯೆಂದು ಕರೆದು ಏಳು ಬಗೆಯಾಗಿ ಎಣಿಸಿರುವರು. ಅವುಗಳಲ್ಲಿ ಮೂತ್ರವೃದ್ಧಿಯೆಂಬುದು ಇಂದಿನ ಹೈಡ್ರೋಸೀಲನ್ನು ಹೋಲುವುದು; ಹೆಸರು ಹಾಗಿದ್ದರೂ ಹೈಡ್ರೋಸೀಲಿನಲ್ಲಿ ತುಂಬುವುದು ಮೂತ್ರವಲ್ಲ, ವೃಷಣದ ಸುತ್ತಣ ಪೊರೆಯಲ್ಲಿ ಸೇರುವ ತಿಳಿನೀರು. ಅಂತ್ರವೃದ್ಧಿಯೇ ಹರ್ನಿಯಾ; ಕರುಳು ತೊಡೆಸಂದಿನಲ್ಲಿ ಇಳಿದುಬರುವುದು. ಕಬ್ಬಿನ ಹೊರೆ ಎತ್ತುವಾಗಲೋ ಕೆಮ್ಮುವಾಗಲೋ ಉಬ್ಬಿ, ಮಲಗಿದರೆ ಒಳಸರಿಯುವುದು. ಒಳಸರಿಯದೆ ನೋವೂ ವಾಂತಿಯೂ ತೊಡಗಿದರೆ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ಹುಡುಗರಿರುವ ಮನೆಯವರು ಮುಂದಿನ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುವೆವು. ಕೆಲವೊಮ್ಮೆ ವೃಷಣವು ತನ್ನ ರಕ್ತನಾಳಗಳ ಮೇಲೆಯೇ ತಿರುಚಿಕೊಳ್ಳುವುದು. ಹಠಾತ್ತನೆ ಒಂದು ಕಡೆ ತೀವ್ರವಾದ ನೋವು, ಓಕರಿಕೆ ಬರುವುವು. ಹುಡುಗನು ನಾಚಿ, ಹೊಟ್ಟೆನೋವೆಂದಷ್ಟೇ ಹೇಳಬಹುದು. ಮನೆಯವರು ಓಮಿನ ಕಷಾಯ ಕೊಟ್ಟು ಬೆಳಗಾಗಲೆಂದು ಕಾಯುವರು. ಸುಮಾರು ಆರು ಗಂಟೆಗಳೊಳಗೆ ಶಸ್ತ್ರವೈದ್ಯರು ತಿರುಚನ್ನು ಬಿಡಿಸಿದರೆ ವೃಷಣವು ಬಹುಮಟ್ಟಿಗೆ ಉಳಿಯುವುದು. ತಡವಾದಷ್ಟೂ ಕಳೆದುಕೊಳ್ಳುವ ಸಂಭವವು ಹೆಚ್ಚು. ಪ್ರಾಯದವರಲ್ಲಿ ನೋವಿಲ್ಲದ ಗಂಟು ಕಂಡರೂ ಉಪೇಕ್ಷಿಸಬಾರದು. ಅದು ಕ್ಯಾನ್ಸರೇ ಆಗಿದ್ದರೂ ಬೇಗ ತಿಳಿದರೆ ಗುಣವಾಗುವುದೇ ಹೆಚ್ಚು.

ಆದುದರಿಂದ ತಂದೆಯಾದವನು ಮಗನಿಗೆ ಈ ನಾಲ್ಕು ಹೆಸರುಗಳನ್ನು ಸ್ಪಷ್ಟವಾಗಿ ಹೇಳಿಕೊಡಲಿ. ಅಲ್ಲಿ ನೋವು ಬಂದರೆ ನಡುರಾತ್ರಿಯಲ್ಲಾದರೂ ತನ್ನನ್ನು ಎಬ್ಬಿಸಬೇಕೆಂದು ತಿಳಿಸಲಿ. ಮುದುಕರು ರಾತ್ರಿ ಎಷ್ಟು ಬಾರಿ ಏಳುವರೆಂಬುದು ಮನೆಯ ಹೆಂಗಸರಿಗೆ ತಿಳಿದಿರುವುದು. ಅವರು ಅದನ್ನು ಮುಚ್ಚಿಡದಿರಲಿ.

ನಮ್ಮ ಮಿತ್ರರು ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಂಡಿರುವರು. ಮೂತ್ರಪಿಂಡಗಳಿಗಾಗಿ ಔಷಧವು ಮಾತ್ರ ನಿಂತಿಲ್ಲ. ಈಗ ನಾಲೆಯ ಏರಿಯ ಮೇಲೆ ಓರಗೆಯವರು ಸಿಕ್ಕಿದರೆ, "ತೂಬು ಕಟ್ಟಿದ್ರೆ ಮೊದ್ಲೇ ಹೇಳ್ಬುಡ್ರಪ್ಪ" ಎನ್ನುವರು. ಕೇಳಿದವರು ನಗುವರು. ಅವರಲ್ಲಿಬ್ಬರು ಮರುವಾರವೇ ವೈದ್ಯರಲ್ಲಿಗೆ ಹೋಗಿಬಂದುದನ್ನು ನಾವು ಬಲ್ಲೆವು.