ಧರ್ಮಸಭೆಯ ತೀರ್ಪು, ನ್ಯಾಯಾಲಯದ ಡಿಕ್ರಿ: ಎರಡೂ ಬೇರೆ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮುರಿದ ದಾಂಪತ್ಯದ ಮಾತು ಇಂದಿಗೂ ಪಿಸುದನಿಯಲ್ಲಿಯೇ ನಡೆಯುತ್ತದೆ. ಈ ಸಂಕೋಚದಿಂದಾಗಿ ತಪ್ಪು ತಿಳಿವಳಿಕೆಯೊಂದು ಬೇರೂರಿದೆ. ಧರ್ಮಪ್ರಾಂತ್ಯದ ನ್ಯಾಯಪೀಠವು ವಿವಾಹವನ್ನು ಅನೂರ್ಜಿತವೆಂದು ಸಾರಿದರೆ ಎಲ್ಲವೂ ಮುಗಿಯಿತೆಂದು ಹಲವರು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ.

1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತ್ತು. ಆದರೂ ದಕ್ಷಿಣ ಕನ್ನಡದ ಕಥೋಲಿಕ ಸಭೆಯ ಮಾಜಿ ಅಧ್ಯಕ್ಷ ಕ್ಲಾರೆನ್ಸ್ ಪಾಯ್ಸ್ ಅವರು, ಧರ್ಮಸಭೆಯ ನ್ಯಾಯಪೀಠದ ತೀರ್ಪಿಗೆ ಕಾನೂನಿನ ಮಾನ್ಯತೆ ದೊರೆಯಬೇಕೆಂದು ಮೊರೆಯಿಟ್ಟರು. 2017ರ ಜನವರಿಯಲ್ಲಿ ಆ ಅರ್ಜಿ ವಜಾ ಆಯಿತು. ಆದುದರಿಂದ ಧರ್ಮಸಭೆಯ ಪತ್ರವನ್ನಷ್ಟೇ ನೆಚ್ಚಿ ಮರುಮದುವೆಯಾಗುವವರು ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧಕ್ಕೆ ಗುರಿಯಾಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮು ಇದಕ್ಕೆ 7 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ.

ಹಾಗಾದರೆ ಕಾನೂನಿನ ಹಾದಿ ಯಾವುದು? 1869ರ ವಿಚ್ಛೇದನ ಕಾಯಿದೆಯೇ ಇಂದಿಗೂ ಕ್ರೈಸ್ತರಿಗೆ ಅನ್ವಯ. ಹಿಂದೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯಾದರೋ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ಜಿಲ್ಲಾ ನ್ಯಾಯಾಲಯದ ಡಿಕ್ರಿಯನ್ನು ಉಚ್ಚ ನ್ಯಾಯಾಲಯವು ದೃಢೀಕರಿಸಬೇಕಿತ್ತು. 2001ರ ತಿದ್ದುಪಡಿ ಈ ಅನ್ಯಾಯವನ್ನು ತೊಡೆಯಿತು. ಈಗ ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ಗುಣವಾಗದ ಮಾನಸಿಕ ಅಸ್ವಸ್ಥತೆ, ಏಳು ವರ್ಷ ಸುಳಿವೇ ಇಲ್ಲದಿರುವುದು ಮೊದಲಾದ ಕಾರಣಗಳು ಇಬ್ಬರಿಗೂ ಸಮಾನ. ಕುಷ್ಠರೋಗದ ಕಾರಣವನ್ನು 2019ರಲ್ಲಿ ಕೈಬಿಡಲಾಯಿತು.

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ 10-ಎ ಕಲಮು ಅವಕಾಶ ಕಲ್ಪಿಸಿತು. ಕಾಯಿದೆಯ ಅಕ್ಷರದಲ್ಲಿ ಎರಡು ವರ್ಷ ಬೇರೆಯಾಗಿ ಬಾಳಿರಬೇಕು. ಇತರ ಸಮುದಾಯದವರಿಗೆ ಒಂದೇ ವರ್ಷವಿರುವಾಗ ಇದು ತಾರತಮ್ಯವೆಂದು ಕೇರಳ ಉಚ್ಚ ನ್ಯಾಯಾಲಯವು 2010ರಲ್ಲಿ ಅದನ್ನು ಒಂದು ವರ್ಷವೆಂದೇ ಓದಿತು. ಕರ್ನಾಟಕ ಉಚ್ಚ ನ್ಯಾಯಾಲಯವೂ ಬಳಿಕ ಇದೇ ನಿಲುವು ತಾಳಿತು. ಅರ್ಜಿ ಸಲ್ಲಿಸಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಸಮ್ಮತಿ ತಿಳಿಸಬೇಕು.

ಬೆಂಗಳೂರಿನವರು ಹೋಗಬೇಕಾದುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೆ. ಅಲ್ಲಿ ಮೊದಲು ನಡೆಯುವುದು ರಾಜಿಯ ಯತ್ನ. ಮೊಕದ್ದಮೆ ನಡೆಯುತ್ತಿರುವಾಗಲೇ ಹೆಂಡತಿ 36ನೆಯ ಕಲಮಿನಡಿ ಜೀವನಾಂಶ ಕೇಳಬಹುದು. ವಕೀಲರ ಶುಲ್ಕಕ್ಕೆ ಅಂಜಿ ಹಿಂಸೆಯನ್ನು ನುಂಗುತ್ತಿರುವ ಸೋದರಿಯರು ಒಂದನ್ನು ಅರಿಯಬೇಕು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ನೆರವು ದೊರೆಯುತ್ತದೆ.

ಡಿಕ್ರಿ ದೊರೆತ ಮಾತ್ರಕ್ಕೆ ಧರ್ಮಸಭೆಯಲ್ಲಿ ಮರುವಿವಾಹ ಸಾಧ್ಯವಿಲ್ಲ. ಅದಕ್ಕೆ ಧರ್ಮಸಭೆಯ ನ್ಯಾಯಪೀಠದ ತೀರ್ಪು ಬೇಕು. ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಆ ವಿಧಾನವನ್ನು ಸರಳಗೊಳಿಸಿ, ಎರಡನೆಯ ತೀರ್ಪಿನ ಕಡ್ಡಾಯವನ್ನು ತೆಗೆದುಹಾಕಿದರು. ಹಕ್ಕುಗಳ ಹಾಗೂ ಮಕ್ಕಳ ರಕ್ಷಣೆಗೆ ಅನ್ಯ ಮಾರ್ಗವಿಲ್ಲದಿದ್ದಾಗ ನ್ಯಾಯಾಲಯದ ವಿಚ್ಛೇದನ ಪಡೆಯುವುದನ್ನು ಧರ್ಮಸಭೆಯ ಬೋಧನೆ ಪಾಪವೆನ್ನುವುದಿಲ್ಲ. ವಿಚ್ಛೇದನವಾಗಿಯೂ ಮರುಮದುವೆಯಾಗದವರಿಗೆ ಆ ಕಾರಣಕ್ಕೆ ಪರಮಪ್ರಸಾದ ನಿರಾಕರಿಸುವಂತೆಯೂ ಇಲ್ಲ.

ವಿವಾಹ ಪವಿತ್ರವೆಂಬ ನಮ್ಮ ನಂಬಿಕೆ ಅಚಲ. ಆದರೆ ಪೆಟ್ಟು ತಿನ್ನುತ್ತಿರುವವಳಿಗೆ ಸಹನೆಯನ್ನು ಮಾತ್ರ ಬೋಧಿಸಿ ಕಾನೂನನ್ನು ಮರೆಮಾಚುವುದು ಆ ಪಾವಿತ್ರ್ಯದ ರಕ್ಷಣೆಯಲ್ಲ. ವಿವಾಹಪೂರ್ವ ಶಿಬಿರಗಳಲ್ಲಿ ನಾವು ಈ ಎರಡೂ ಹಾದಿಗಳನ್ನು ತಿಳಿಸಿಕೊಡೋಣ. ದಾರಿ ತಿಳಿದವರೆಲ್ಲರೂ ಮನೆ ಬಿಟ್ಟು ಹೋಗುವುದಿಲ್ಲ. ದಾರಿ ತಿಳಿಯದವರು ಮಾತ್ರ ಎಡವುತ್ತಾರೆ.