ಪಾಠದ ಹಣ, ವೀಸಾದ ಋಣ

ಎಫ್-1 ವೀಸಾ ವಿದ್ಯಾರ್ಥಿಗಳ ವಾಸ್ತವ್ಯವನ್ನು ಗರಿಷ್ಠ 4 ವರ್ಷಕ್ಕೆ ಮಿತಿಗೊಳಿಸುವ ಪ್ರಸ್ತಾವವನ್ನು ಅಮೆರಿಕ ಸರ್ಕಾರ 2025ರ ಆಗಸ್ಟ್‌ನಲ್ಲಿ ಮುಂದಿಟ್ಟಿತು. ನಿಯಮ ಬಿಗಿಯಾಗುವ ಈ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡ ಕುಟುಂಬಗಳು ಒಂದು ವಿಷಯ ಗಮನಿಸಬೇಕು. ವಿಶ್ವವಿದ್ಯಾಲಯದೊಳಗೆ, ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಭಾಷೆ ಕಲಿಸಿ ಸಂಬಳ ಪಡೆಯಲು ವಿದ್ಯಾರ್ಥಿಗೆ ಅಡ್ಡಿಯಿಲ್ಲ. ಆದರೆ ಮನೆಪಾಠ ಹೇಳಿ ವೆನ್ಮೋ ಎಂಬ ಪಾವತಿ ಆ್ಯಪ್‌ನಲ್ಲಿ ಹಣ ಪಡೆದರೆ ಅದು ಅನುಮತಿಯಿಲ್ಲದ ದುಡಿಮೆ.

ಪರಿಣಾಮ ಸಣ್ಣದಲ್ಲ. ಬೇರೆ ಕಾರಣಕ್ಕೆ ವಿದ್ಯಾರ್ಥಿ ಸ್ಥಾನಮಾನ ಕಳೆದುಕೊಂಡವರು ಅದನ್ನು ಮರಳಿ ಕೋರಬಹುದು. ಅಕ್ರಮವಾಗಿ ದುಡಿದವರಿಗೆ ಆ ಬಾಗಿಲೂ ಮುಚ್ಚಿರುತ್ತದೆ. ಹಣ ಕೊಟ್ಟ ಪೋಷಕರಿಗೆ ಬಹುಪಾಲು ಇದರ ಬಿಸಿ ತಟ್ಟದು. ಆದ್ದರಿಂದ ಹೊಣೆ ಹಿರಿಯರದು: ಭಾನುವಾರದ ಕನ್ನಡ ಶಾಲೆಗಳು ವಿದ್ಯಾರ್ಥಿಗಳನ್ನು ಸ್ವಯಂಸೇವಕರಾಗಿ ಮಾತ್ರ ಕರೆಯಲಿ, ‘ಗೌರವಧನ’ದ ಲಕೋಟೆ ಬೇಡ. ಸಂಬಳದ ಹುದ್ದೆಗಳು ಕೆಲಸದ ಪರವಾನಗಿ ಇದ್ದವರಿಗಿರಲಿ.