ಹಿರಣ್ಯಕಶಿಪು ಕೆಟ್ಟವನಾ, ಅಪ್ಪ?

ಕಳೆದ ಶನಿವಾರ ಸಂಜೆ ಮಿಸ್ಸಿಸಾಗಾದಲ್ಲಿ ಹಿಮವೋ ಹಿಮ. ಎಂಟು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 1983ರ ‘ಭಕ್ತ ಪ್ರಹ್ಲಾದ’ ಹಾಕಿದೆ. ಊರಿಂದ ತಂದ ಅಮರ ಚಿತ್ರ ಕಥೆಯಲ್ಲಿ ಕಥೆ ಓದಿದ್ದ. ಮೀಸೆ ನೋಡಿದರೇ ಕೆಟ್ಟವನು ಯಾರೆಂದು ಗೊತ್ತಾಗುತ್ತೆ ಅಂತ ಅವನ ಲೆಕ್ಕ.

ಪರದೆಯ ಮೇಲೆ ಡಾ. ರಾಜ್‌ಕುಮಾರ್ ಬಂದರು, ಮಗನನ್ನು ಮುದ್ದಾಡಿದರು. ಇವನಿಗೆ ಗಲಿಬಿಲಿ.

“ಅಪ್ಪ, ಇವ್ನು ಬ್ಯಾಡ್ ಗೈ ಅಲ್ವಾ? ಮತ್ಯಾಕೆ ಇಷ್ಟು ಪ್ರೀತಿ ಮಾಡ್ತಾನೆ?”

2015ರಲ್ಲಿ ನಮ್ಮ ಟೊರಾಂಟೋದ ಯಂಗ್ ಸ್ಟ್ರೀಟ್‌ನಲ್ಲೇ ‘ಸೂಸೈಡ್ ಸ್ಕ್ವಾಡ್’ ಚಿತ್ರೀಕರಣ ನಡೆದಿತ್ತು. ಅದರ ಜೋಕರ್‌ಗೆ ಹಣೆಯ ಮೇಲೇ ‘ಡ್ಯಾಮೇಜ್ಡ್’ ಎಂಬ ಹಚ್ಚೆ. ತಾನು ಕೆಟ್ಟವನೆಂದು ಬೋರ್ಡು ಹಾಕಿಕೊಂಡು ಬಂದವನಿಗೆ ಯಾರು ಹೆದರುತ್ತಾರೆ? 2008ರ ‘ಡಾರ್ಕ್ ನೈಟ್’ ಜೋಕರ್ ಹಾಗಲ್ಲ. ತನ್ನ ಬಾಯಿಯ ಗಾಯಕ್ಕೆ ಒಮ್ಮೊಮ್ಮೆ ಒಂದೊಂದು ಕಥೆ ಹೇಳುತ್ತಾನೆ, ನಂಬುವುದು ಯಾವುದನ್ನು?

ಆದರೆ ನನ್ನ ಪಾಲಿಗೆ ಅವರೆಲ್ಲರಿಗಿಂತ ದೊಡ್ಡ ಖಳ ಈ ಅಪ್ಪನೇ. ತಾನೇ ಸರಿ ಎಂದು ಮನಸಾರೆ ನಂಬಿದ್ದಾನೆ. ಮಗನ ಬಾಯಲ್ಲಿ ತನ್ನ ಹೆಸರೇ ಬರಬೇಕು, ಅಷ್ಟೇ. ಪ್ರಹ್ಲಾದನಾಗಿದ್ದದ್ದು ರಾಜ್‌ಕುಮಾರ್ ಅವರ ಸ್ವಂತ ಮಗ ಪುನೀತ್ ಎಂದು ನೆನಪಾದರೆ ಆ ಗರ್ಜನೆ ಇನ್ನಷ್ಟು ಚುಚ್ಚುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಮಗ ಶಾಲೆಯ ಸುದ್ದಿಯನ್ನು ಇಂಗ್ಲಿಷಿನಲ್ಲಿ ಶುರು ಮಾಡಿದ. ಅಭ್ಯಾಸಬಲ, ಗದರಿದೆ: “ಕನ್ನಡದಲ್ಲಿ ಹೇಳು!”

ಅವನು ತಟ್ಟೆಯಿಂದ ತಲೆಯೆತ್ತಿ ನನ್ನನ್ನೇ ನೋಡಿದ.

“ಅಪ್ಪ, ಗದೆ ತಂದ್ಕೊಡ್ಲಾ?”

ಕನ್ನಡದಲ್ಲೇ ಕೇಳಿದ.